ಪದಚರ್ಚೆ: ‘ಹರ್ಬಿಸೈಡ್’ ಎಂಬುದಕ್ಕೆ ಕಳೆನಾಶಕವೋ, ಕಳೆಗೊಲ್ಲಿಯೋ, ಕಳೆ ಔಷಧಿಯೋ?

ಮಾನ್ಯರೆ,
ಪ್ಯಾರಾಕ್ವಾಟ್ ಎಂಬ ಹರ್ಬಿಸೈಡಿನ ಬಳಕೆ ಮತ್ತು ಅಪಾಯಗಳನ್ನು ತಿಳಿಸುವ ಎಚ್ಚರಿಕೆಯ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಅದು ಅಚ್ಚಿಗೆ ಹೋಗಬೇಕು. ಬರಹದಲ್ಲಿ ‘ಕಳೆನಾಶಕ’ ಕಾಣುತ್ತದೆ, ಸಿಂಪಡಿಸುವವರ ಬಾಯಲ್ಲಿ ‘ಕಳೆ ಔಷಧಿ’ ಇದೆ. ಫಲಕಕ್ಕೆ ಯಾವುದು ಸರಿ?

*

‘ಕಳೆನಾಶಕ’ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಅರಿಸಮಾಸ, ಬೇಡ. ತಮಿಳರು ‘ಕಳೈಕ್ಕೊಲ್ಲಿ’ ಎಂದು ಅನಾಯಾಸವಾಗಿ ಹೇಳುತ್ತಿರುವಾಗ ‘ಕಳೆಗೊಲ್ಲಿ’ ಎನ್ನಲು ನಾವು ಹಿಂಜರಿಯುವುದೇಕೆ? ಎಲ್ಲದಕ್ಕೂ ಸಂಸ್ಕೃತದ ಬಾಗಿಲು ತಟ್ಟುತ್ತಿದ್ದರೆ ಕನ್ನಡದ ಬೇರುಗಳಿಂದ ಹೊಸ ಪದ ಚಿಗುರುವುದಿಲ್ಲ.

*

‘ಕಳೆಗೊಲ್ಲಿ’ಯನ್ನು ನಾನು ಒಪ್ಪಲಾರೆ. ಸಂಧಿ ಸರಿಯಿದೆ, ಪದ ಸರಿಯಿಲ್ಲ. ‘ಕೊಲ್ಲಿ’ ಎಂದೊಡನೆ ಕನ್ನಡಿಗರಿಗೆ ಹೊಳೆಯುವುದು ಬಂಗಾಳ ಕೊಲ್ಲಿ, ಇಲ್ಲವೇ ‘ನೀವು ಕೊಲ್ಲಿ’ ಎಂಬ ವಿಧಿರೂಪ. ತಮಿಳಿನ ಅಚ್ಚಿನಲ್ಲಿ ಎರಕ ಹೊಯ್ದರೆ ಅದೂ ಎರವಲೇ ಆಯಿತು. ಅರಿಸಮಾಸದ ಆಕ್ಷೇಪವಂತೂ ನಿಲ್ಲದು. ‘ಇಲಿಪಾಷಾಣ’ವನ್ನು ಯಾರೂ ವ್ಯಾಕರಣ ನೋಡಿ ಕೈಬಿಟ್ಟಿಲ್ಲ.

ನನ್ನ ನಿಜವಾದ ಆತಂಕ ‘ಔಷಧಿ’ಯ ಬಗ್ಗೆ. 1962ರಲ್ಲಿ ಮಾರುಕಟ್ಟೆಗೆ ಬಂದ ಪ್ಯಾರಾಕ್ವಾಟ್, ಎಲೆಗೆ ತಗುಲಿದ ಮೇಲೆ ದ್ಯುತಿಸಂಶ್ಲೇಷಣೆಯ ನಡುವಿನಿಂದ ಎಲೆಕ್ಟ್ರಾನುಗಳನ್ನು ಕಸಿದು ಆಮ್ಲಜನಕಕ್ಕೆ ದಾಟಿಸುತ್ತದೆ. ಹಾಗೆ ಕೆರಳಿದ ಆಮ್ಲಜನಕವು ಕೋಶಗಳ ಪೊರೆಯನ್ನೇ ಹರಿಯುವುದರಿಂದ, ಒಳ್ಳೆಯ ಬಿಸಿಲಿದ್ದರೆ ಕೆಲವೇ ಗಂಟೆಗಳಲ್ಲಿ ಹಸಿರೆಲ್ಲ ಸುಟ್ಟಂತೆ ಬಾಡುತ್ತದೆ. ಮನುಷ್ಯನ ಹೊಟ್ಟೆಗೆ ಹೋದರೆ ಅದು ಶ್ವಾಸಕೋಶದಲ್ಲಿ ಶೇಖರವಾಗಿ ಅಲ್ಲಿಯೂ ಇದೇ ಬಗೆಯ ಹಾನಿ ಮಾಡುತ್ತದೆ. ಸಾಂದ್ರ ದ್ರಾವಣದ ಒಂದು ಗುಟುಕು ಪ್ರಾಣ ತೆಗೆಯಬಲ್ಲದು, ಪ್ರತಿವಿಷವಿಲ್ಲ. ಯಾರೂ ತಿಳಿಯದೆ ಕುಡಿಯಬಾರದೆಂದೇ ಅದಕ್ಕೆ ನೀಲಿ ಬಣ್ಣವನ್ನೂ ಕೆಟ್ಟ ವಾಸನೆಯನ್ನೂ ವಾಂತಿ ಬರಿಸುವ ವಸ್ತುವನ್ನೂ ಬೆರೆಸುತ್ತಾರೆ. ಅಂಥ ದ್ರವವನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಸುರಿದು, ಕೇಳಿದವರಿಗೆ ‘ಔಷಧಿ’ ಎಂದುಬಿಟ್ಟರೆ, ಬಣ್ಣವೂ ವಾಸನೆಯೂ ಕೊಡುವ ಎಚ್ಚರಿಕೆಯನ್ನು ನಮ್ಮ ಮಾತೇ ಅಳಿಸಿಹಾಕುತ್ತದೆ. ಬೆಳೆಯ ರೋಗಕ್ಕೆ ಹೊಡೆಯುವುದು ಔಷಧಿಯಾದೀತು. ಇದು ಯಾವ ರೋಗವನ್ನೂ ವಾಸಿ ಮಾಡುವುದಿಲ್ಲ.

ಹಾಗೆಂದು ‘ಕಳೆನಾಶಕ’ವೊಂದೇ ಸಾಲದು. 2,4-ಡಿ ಎಂಬ ಇನ್ನೊಂದು ಹರ್ಬಿಸೈಡ್ ಮುಖ್ಯವಾಗಿ ಅಗಲ ಎಲೆಯ ಗಿಡಗಳನ್ನು ಕೊಂದು ಹುಲ್ಲಿನ ಜಾತಿಯ ಬೆಳೆಯನ್ನು ಉಳಿಸುವುದರಿಂದ ಆ ಹೆಸರು ಅದಕ್ಕೆ ಒಪ್ಪುತ್ತದೆ. ಪ್ಯಾರಾಕ್ವಾಟಿಗೆ ಕಳೆ, ಬೆಳೆ ಎಂಬ ಭೇದವಿಲ್ಲ. ‘ಸಸ್ಯನಾಶಕ’ ಹೆಚ್ಚು ನಿಖರವಾದರೂ ಹೊಲದಲ್ಲಿ ನಿಂತು ಓದುವವರಿಗೆ ದೂರದ ಪದ.

ಇನ್ನೊಂದು ಮಾತು. ಮಣ್ಣಿಗೆ ಬಿದ್ದ ಪ್ಯಾರಾಕ್ವಾಟ್ ಜೇಡಿಯ ಕಣಗಳಿಗೆ ಅಂಟಿ ಕಳೆ ಕೊಲ್ಲುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಉಳುಮೆಯಿಲ್ಲದೆ ಬಿತ್ತುವವರು ಅದನ್ನು ಮೆಚ್ಚಿದ್ದಕ್ಕೆ ಇದೂ ಒಂದು ಕಾರಣ. ಆದರೆ ವರ್ಷಗಟ್ಟಲೆ ಅದು ಅಲ್ಲೇ ಇರುತ್ತದೆ. ಆದ್ದರಿಂದ ‘ಮಣ್ಣಿನಲ್ಲಿ ಕರಗಿಹೋಗುತ್ತದೆ’ ಎಂದು ದಯವಿಟ್ಟು ಬರೆಯಬೇಡಿ, ‘ಮಣ್ಣಿಗೆ ಅಂಟಿ ಉಳಿಯುತ್ತದೆ’ ಎಂದು ಬರೆಯಿರಿ. ಐರೋಪ್ಯ ಒಕ್ಕೂಟವು 2007ರಲ್ಲಿಯೇ ಇದರ ಬಳಕೆಯನ್ನು ನಿಲ್ಲಿಸಿತೆಂಬುದನ್ನೂ ಜಾಗವಿದ್ದರೆ ಸೇರಿಸಿ.

ಫಲಕದ ಒಳಬರಹಕ್ಕೆ ‘ಕಳೆನಾಶಕ’ ಇರಲಿ. ತಲೆಬರಹಕ್ಕೆ ಮಾತ್ರ ‘ಕಳೆನಾಶಕ ವಿಷ’ ಎಂದು ಹಾಕಿ, ‘ವಿಷ’ವನ್ನು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಅದರ ಕೆಳಗೆ ‘ಕುಡಿದರೆ ಸಾವು, ಪ್ರತಿವಿಷವಿಲ್ಲ’ ಎಂಬ ಒಂದೇ ಸಾಲು ಸಾಕು.