ಮಂಗಳೂರಿನಿಂದ ಕಾರವಾರಕ್ಕೆ ಹೋಗುವಾಗ ಎಲ್ಲೆಲ್ಲಿ ನಿಲ್ಲಬೇಕು?

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಮಂಗಳೂರಿನಿಂದ ಕಾರವಾರಕ್ಕೆ ಕಾರಿನಲ್ಲಿ ಹೊರಟಿದ್ದೇವೆ. ಜೊತೆಗೆ ಮಕ್ಕಳು, ಅಮ್ಮ ಇದ್ದಾರೆ. ದೇವಸ್ಥಾನಗಳು ಗೊತ್ತು. ಹಕ್ಕಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕಡಲು ನೋಡೋದಕ್ಕೆ ಎಲ್ಲಿ ನಿಲ್ಲೋದು? ಹೋಗಿ ಬಂದವರು ಹೇಳಿ.

ಕುಂದಾಪುರದಿಂದ: ಮರವಂತೆಯಲ್ಲಿ ಬೆಳಿಗ್ಗೆ ಬೇಗ ನಿಲ್ಲಿ. ರಸ್ತೆಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಎಲ್ಲರೂ ಕಡಲ ಕಡೆ ತಿರುಗಿ ಫೋಟೋ ತೆಗೆದು ಹೊರಟುಬಿಡುತ್ತಾರೆ. ನೀವು ನದಿಯ ಕಡೆಯೂ ಸ್ವಲ್ಪ ಹೊತ್ತು ನೋಡಿ. ಲಾರಿಗಳು ಜೋರಾಗಿ ಬರುತ್ತವೆ, ಮಕ್ಕಳ ಕೈ ಬಿಡಬೇಡಿ. ತಡೆಗೋಡೆಯ ಕಲ್ಲುಗಳ ಮೇಲೆ ಇಳಿಯಲೇಬೇಡಿ.

ಉಡುಪಿಯಿಂದ: ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗಿ. ಲಾವಾ ತಣ್ಣಗಾಗಿ ಕಂಬಗಳಂತೆ ನಿಂತ ಕಲ್ಲುಗಳು ಅಲ್ಲಿವೆ.

ಕುಮಟಾದಿಂದ: ದ್ವೀಪ ಚೆನ್ನಾಗಿದೆ, ಆದರೆ ಅರ್ಧ ದಿನ ಅಲ್ಲೇ ಹೋಗುತ್ತದೆ. ಆ ಹೊತ್ತನ್ನು ಹೊನ್ನಾವರ, ಕುಮಟಾಕ್ಕೆ ಉಳಿಸಿಕೊಳ್ಳಿ ಅಂತೀನಿ. ಹೊನ್ನಾವರದ ಹತ್ತಿರ ಶರಾವತಿ ಹಿನ್ನೀರಿನ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ಕಾಲುದಾರಿ ಇದೆ. ಅಮ್ಮನೂ ಆರಾಮಾಗಿ ನಡೆಯಬಹುದು. ಆಮೇಲೆ ಅಘನಾಶಿನಿ ನದಿ ಕಡಲು ಸೇರುವ ಅಳಿವೆ. ಈ ನದಿಗೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ, ಅದೇ ಇದರ ಪುಣ್ಯ. 2024ರಲ್ಲಿ ಅಳಿವೆಗೆ ರಾಮ್ಸಾರ್ ಮಾನ್ಯತೆ, ಅಂದರೆ ಮುಖ್ಯ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ನಮಗೆ ಅದಕ್ಕೂ ಮೊದಲಿನಿಂದ ಇದೇ ಅನ್ನ. ಇಳಿತದ ಹೊತ್ತಿಗೆ ಬನ್ನಿ. ನೀರು ಸರಿದ ಕೆಸರಿನಲ್ಲಿ ನಮ್ಮವರು ಬಳಚು (ಚಿಪ್ಪುಮೀನು) ಆಯುತ್ತಿರುತ್ತಾರೆ, ಪಕ್ಕದಲ್ಲೇ ಬೆಳ್ಳಕ್ಕಿ, ಗೊರವ ಮೇಯುತ್ತಿರುತ್ತವೆ. ಮೇಲೆ ಗರುಡ ಸುತ್ತುತ್ತದೆ. ಭರತದಲ್ಲಿ ಬಂದರೆ ಬರೀ ನೀರು ಕಾಣುತ್ತದೆ. ದೂರದಿಂದಲೇ ನೋಡಿ, ಹಕ್ಕಿ ಎಬ್ಬಿಸಲು ಮಕ್ಕಳನ್ನು ಓಡಿಸಬೇಡಿ.

ಹೊನ್ನಾವರದಿಂದ: ಕಾಸರಕೋಡು ಕಡೆಯ ಮರಳಿನಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ರಾತ್ರಿ ಬಂದು ಮೊಟ್ಟೆಯಿಡುತ್ತವೆ. ಮರಿ ಹೊರಬರಲು ಸುಮಾರು 45ರಿಂದ 60 ದಿನ ಬೇಕು. ಬೇಲಿ ಹಾಕಿದ ಜಾಗ ಕಂಡರೆ ಒಳಗೆ ಹೋಗಬೇಡಿ. ರಾತ್ರಿ ಟಾರ್ಚ್, ಫ್ಲ್ಯಾಶ್ ಬೇಡವೇ ಬೇಡ. ಬೆಳಕು ಕಂಡರೆ ಮರಿಗಳು ಕಡಲ ದಾರಿ ತಪ್ಪುತ್ತವೆ. ಆಮೆ ಕಾಣಲೇಬೇಕು ಅಂತ ಹಟ ಮಾಡದೆ ಅರಣ್ಯ ಇಲಾಖೆಯವರನ್ನು ಕೇಳಿ.

ಪ್ರಶ್ನೆ ಕೇಳಿದವರು: ಮಲ್ಪೆ ಬಿಟ್ಟೆವು, ಕುಮಟಾದಲ್ಲಿ ಉಳಿಯುತ್ತೇವೆ. ಇಳಿತದ ಸಮಯ ತಿಳಿಯೋದು ಹೇಗೆ?

ಕುಮಟಾದಿಂದ: ಹಿಂದಿನ ಸಂಜೆ ಮೀನುಗಾರರನ್ನು ಕೇಳಿ. ದಿನಕ್ಕೆ ಎರಡು ಇಳಿತ. ಮಾರನೇ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಬಂದರೆ ಕೆಸರು ಇನ್ನೂ ಜಾಸ್ತಿ ತೆರೆದಿರುತ್ತದೆ.