ನಿಮ್ಮ ಹೆಸರಿನ ಹಬ್ಬ ಯಾವತ್ತು?

ಹುಟ್ಟುವ ಮಗುವಿಗೆ ಇಟಲಿಯವರ ಬಾಯಿಗೆ ಹೊರಳುವ ಹೆಸರನ್ನೇ ಇಡಬೇಕಾ ಅಂತ ಕೇಳಿದ್ದೀರಿ. ಬೇಡ ಅನ್ನುವವಳು ನಾನು. ಯಾಕೆ ಅಂತ ಹೇಳುತ್ತೇನೆ.

ನಾವು ಮಿಲಾನ್‌ಗೆ ಬಂದ ಹೊಸತು. ಮೇಲಿನ ಮನೆಯ ಅಜ್ಜಿ ಲಿಫ್ಟಿನಲ್ಲಿ ನನ್ನ ಮಗನನ್ನು, "ನಿನ್ನ ಓನೊಮಾಸ್ಟಿಕೊ ಯಾವತ್ತು?" ಅಂತ ಕೇಳಿದರು. ಹುಟ್ಟಿದ ದಿನ ಇರಬೇಕು ಅಂತ ನಾನು ತಾರೀಕು ಹೇಳಿದೆ. ಅದಲ್ಲವಂತೆ. ಇಲ್ಲಿನ ಕ್ಯಾಲೆಂಡರಿನಲ್ಲಿ ದಿನಕ್ಕೊಬ್ಬ ಸಂತರು. ನಿಮ್ಮ ಹೆಸರಿನ ಸಂತರ ದಿನವೇ ನಿಮ್ಮ ಹೆಸರಿನ ಹಬ್ಬ. ಮಾರ್ಚ್ 19 ಬಂದರೆ ಜುಸೆಪ್ಪೆಗಳಿಗೆಲ್ಲ ಶುಭಾಶಯದ ಫೋನೋ ಫೋನು.

ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ಅಡುಗೆಮನೆಯ ಗೋಡೆಯಿಂದ ಕ್ಯಾಲೆಂಡರ್ ಇಳಿಸಿ, ಕನ್ನಡಕ ಹಾಕಿಕೊಂಡು, ತಿಂಗಳು ತಿಂಗಳು ಬೆರಳಾಡಿಸಿ ಆದಿತ್ಯನನ್ನು ಹುಡುಕಿದರು. ಎಲ್ಲಿ ಸಿಗಬೇಕು! ಕೊನೆಗೆ ನವೆಂಬರ್ ಹಾಳೆಗೆ ಬಂದು ಮುಖ ಅರಳಿತು. ನವೆಂಬರ್ 1 ಎಲ್ಲ ಸಂತರ ಹಬ್ಬ, ಸಂತರಿಲ್ಲದ ಹೆಸರಿನವರಿಗೂ ಅವತ್ತೇ ಹಬ್ಬ ಅಂದರು. ನನಗೆ ನಗು ತಡೆಯಲಾಗಲಿಲ್ಲ. ರಾಜ್ಯೋತ್ಸವದ ದಿನ ಅಲ್ವಾ! ಶಾಲೆಗೂ ರಜೆ. ಆವತ್ತಿನಿಂದ ಪ್ರತಿ ನವೆಂಬರ್ 1ಕ್ಕೆ ಅವರಿಂದ ಚಾಕೊಲೇಟ್, ನಮ್ಮಿಂದ ಕೇಸರಿಬಾತು.

ಊರಿಗೂ ಒಬ್ಬ ಸಂತರಿದ್ದಾರೆ, ನಮ್ಮ ಗ್ರಾಮದೇವತೆ ಇದ್ದ ಹಾಗೆ. ಮಿಲಾನ್‌ಗೆ ಅಂಬ್ರೋಜೊ. 374ರಲ್ಲಿ ಅವರು ಬಿಷಪ್ ಆದ ಡಿಸೆಂಬರ್ 7 ಇಡೀ ಊರಿಗೆ ರಜೆ, ಇಲ್ಲಿನ ಹೆಸರಾಂತ ಒಪೆರಾ ಮಂದಿರ ಸ್ಕಾಲಾದ ಆ ವರ್ಷದ ಹೊಸ ಸರಣಿ ಶುರುವಾಗುವುದೂ ಅವತ್ತೇ. ನೇಪಲ್ಸ್‌ನಲ್ಲಿ ಜೆನ್ನಾರೊ. ಹೆಸರು ಜೆನ್ನಾರೊ ಅಂದರೆ ಸಾಕು, ಯಾವ ಕಡೆಯವನು ಅಂತ ಗೊತ್ತಾಗಿಬಿಡುತ್ತದೆ. ದಕ್ಷಿಣದಲ್ಲಿ ಮೊದಲ ಗಂಡು ಮಗುವಿಗೆ ಅಪ್ಪನ ಅಪ್ಪನ ಹೆಸರಿಡುವ ರೂಢಿ. ನಮಗೇನೂ ಹೊಸದಲ್ಲ ಬಿಡಿ. ಆದರೆ ಬದುಕಿರುವ ಅಪ್ಪನ ಹೆಸರನ್ನೇ ಮಗನಿಗೆ ಇಡಲು ಇಲ್ಲಿನ ಕಾನೂನು ಒಪ್ಪುವುದಿಲ್ಲ. ನಗೆಪಾಟಲಾಗುವ ಹೆಸರಿಗೂ ತಡೆ ಇದೆ. ಜಿನೋವಾದಲ್ಲಿ ಒಬ್ಬರು ಮಗನಿಗೆ 'ಶುಕ್ರವಾರ' ಅಂತ ಇಟ್ಟಿದ್ದರು. ಕೋರ್ಟು ಅದನ್ನು ತೆಗೆಸಿ, ಮಗು ಹುಟ್ಟಿದ ದಿನದ ಸಂತರ ಹೆಸರು ಗ್ರೆಗೊರಿಯೊ ಅಂತ ಮಾಡಿತು.

ಸಣ್ಣಪುಟ್ಟ ತೊಂದರೆ ಇದ್ದೇ ಇದೆ. ಇವರ ಬಾಯಲ್ಲಿ ಹಕಾರ ಬರುವುದಿಲ್ಲ. ನಮ್ಮ ಮಂಡ್ಯ ಕಡೆ ಹಾಲು ಆಲು ಆದ ಹಾಗೆ ಹರ್ಷ ಅರ್ಷ ಆಗುತ್ತಾನೆ. ಆದಿತ್ಯ ಅಂತ ಬರೆದರೆ ಕೊನೆಯ 'a' ನೋಡಿ ಹುಡುಗಿ ಅಂದುಕೊಳ್ಳುತ್ತಾರೆ. "ನಿಮ್ಮ ಲೂಕ, ಅಂದ್ರೆಯ, ನಿಕೋಲ ಎಲ್ಲ ಗಂಡಸರೇ ಅಲ್ವಾ" ಅಂದರೆ ನಕ್ಕು ಸುಮ್ಮನಾಗುತ್ತಾರೆ.

ಒಂದು ಮಾತ್ರ ಮರೆಯಬೇಡಿ. ಆಸ್ಪತ್ರೆಯಲ್ಲೇ ಜನನ ನೋಂದಾಯಿಸುವುದಾದರೆ 3 ದಿನ, ಕಮೂನೆ, ಅಂದರೆ ಪುರಸಭೆಯ ಕಚೇರಿಯಲ್ಲಾದರೆ 10 ದಿನ. ಅಷ್ಟರೊಳಗೆ ಹೆಸರು ಹೇಳಲೇಬೇಕು. 11ನೇ ದಿನದ ನಾಮಕರಣಕ್ಕೆ ಅವರು ಕಾಯುವುದಿಲ್ಲ. ನಮ್ಮ ಚಿಕ್ಕವಳ ಹೆಸರು 9ನೇ ದಿನವೇ ಕಾಗದಕ್ಕೆ ಬಿದ್ದಿತ್ತು. ಎರಡು ದಿನ ಬಿಟ್ಟು ವೀಡಿಯೊ ಕಾಲ್‌ನಲ್ಲಿ ಅತ್ತೆ ಮುಂದೆ ತೊಟ್ಟಿಲಿಗೆ ಹಾಕಿ, ಆಗಷ್ಟೇ ಇಟ್ಟವರ ಹಾಗೆ ಕಿವಿಯಲ್ಲಿ ಹೇಳಿದೆವು. ಅವರಿಗೆ ಇನ್ನೂ ಗೊತ್ತಿಲ್ಲ.