ಹುಟ್ಟಿದ ಎರಡನೇ ದಿನಕ್ಕೇ ಮಗುವಿನ ಕಿವಿ ಪರೀಕ್ಷೆ ಬೇಕಾ?

ಮಂಡ್ಯ ಹೈದ: ಅಣ್ಣನ ಮಗುವಿಗೆ ಹುಟ್ಟಿದ ಎರಡನೇ ದಿನವೇ ಕಿವಿಗೆ ಮಿಷನ್ ಇಟ್ಟು ‘ರೆಫರ್’ ಅಂತ ಚೀಟಿ ಕೊಟ್ಟರು. ಅತ್ತಿಗೆ ರಾತ್ರಿಯೆಲ್ಲ ಅತ್ತರು. ಆಮೇಲೆ ಮತ್ತೆ ಮಾಡಿಸಿದರೆ ಏನೂ ಇಲ್ಲ! ಬಾಣಂತಿಯನ್ನು ಹೆದರಿಸಿ ದುಡ್ಡು ಕೀಳುವ ದಾರಿ ಅಷ್ಟೇ.

ಗಂಗೋತ್ರಿ ಪಕ್ಕದ ಮನೆ: ರೆಫರ್ ಅಂದರೆ ಕಿವುಡು ಅಂತ ಯಾರ್ರೀ ಹೇಳಿದ್ದು? ಇನ್ನೊಮ್ಮೆ ನೋಡಬೇಕು ಅಂತ. ಮೊದಲ ಒಂದೆರಡು ದಿನ ಕಿವಿಯೊಳಗೆ ನೀರು, ಹುಟ್ಟುವಾಗಿನ ಬಿಳಿ ಮೇಣ ಕೂತಿರುತ್ತದೆ, ಕಿವಿಗಿಟ್ಟ ಆ ಓಎಇ ಮಿಷನ್ನಿಗೆ ಒಳಕಿವಿ ತಿರುಗಿ ಹೊರಡಿಸುವ ಸಣ್ಣ ಸದ್ದು ಸಿಗುವುದಿಲ್ಲ. 1 ತಿಂಗಳೊಳಗೆ ಸ್ಕ್ರೀನಿಂಗ್, 3 ತಿಂಗಳೊಳಗೆ ಬೇರಾ (ಸದ್ದು ಕಿವಿಯ ನರದಲ್ಲಿ ಮಿದುಳಿನ ಕಡೆ ಹೋಗುತ್ತದಾ ಅಂತ ನೋಡುವ ಪರೀಕ್ಷೆ) ಮಾಡಿಸಿ ಖಾತ್ರಿ, 6 ತಿಂಗಳೊಳಗೆ ಹಿಯರಿಂಗ್ ಏಡ್, ತೆರಪಿ. ಐಸಿಯುನಲ್ಲಿದ್ದ ಮಕ್ಕಳಿಗಂತೂ ಓಎಇ ಪಾಸಾದರೂ ಬೇರಾ ಬೇಕು, ನರದ ತೊಂದರೆ ಓಎಇಗೆ ಗೊತ್ತಾಗುವುದಿಲ್ಲ.

ಮಂಡ್ಯ ಹೈದ: ಫೇಲಾದರೂ ನಂಬಬೇಡಿ, ಪಾಸಾದರೂ ನಂಬಬೇಡಿ! ಇದು ಪರೀಕ್ಷೆಯಾ, ಲಾಟರಿಯಾ?

ಪಟ್ಟಣದ ಶಿವು: ನಮ್ಮಮ್ಮ ತಟ್ಟೆ ಬಡಿದು ನೋಡುತ್ತಿದ್ದರು. ಮಗು ಬೆಚ್ಚಿತೋ, ಮುಗೀತು. ಖರ್ಚಿಲ್ಲ.

ಗಂಗೋತ್ರಿ ಪಕ್ಕದ ಮನೆ: ತಟ್ಟೆ ಸದ್ದಿಗೆ ಅರ್ಧ ಕೇಳುವ ಮಗುವೂ ಬೆಚ್ಚುತ್ತದೆ. ಮಾತಿನ ‘ಸ’, ‘ಶ’ ಕೇಳಿಸಿರುವುದಿಲ್ಲ. ಎರಡು ವರ್ಷವಾದರೂ ಮಾತು ಬರಲಿಲ್ಲ ಅಂತ ಆಮೇಲೆ ಓಡಿಬರುತ್ತಾರೆ. ಅಕ್ಕನ ಮಗಳನ್ನೇ ತಂದುಕೊಂಡ ಮನೆಗಳಲ್ಲಂತೂ ಇದು ಜಾಸ್ತಿ.

ಮದ್ದೂರು ಗೌಡ: ಓಹೋ, ಅಲ್ಲಿಗೆ ಬಂದಿರಾ? ನಮ್ಮಲ್ಲಿ ಮೂರು ತಲೆಮಾರಿಂದ ಸೋದರಿಕೆ. ಒಬ್ಬರಿಗೂ ಕಿವಿ ಮಂದವಿಲ್ಲ. ಹಳ್ಳಿಯವರನ್ನು ಬೈಯೋದಕ್ಕೆ ಒಂದು ನೆಪ ಬೇಕು ನಿಮಗೆ.

ಗಂಗೋತ್ರಿ ಪಕ್ಕದ ಮನೆ: ನಿಮ್ಮನೆಗಾಗಿಲ್ಲ ಅಂದರೆ ಯಾರಿಗೂ ಆಗಲ್ಲವಾ? ಗಂಡ ಹೆಂಡತಿ ಇಬ್ಬರಲ್ಲೂ ಕಿವುಡಿನ ಅದೇ ಜೀನ್ ಅಡಗಿದ್ದರೆ ಪ್ರತಿ ಬಸಿರಿಗೂ 4ರಲ್ಲಿ 1 ಪಾಲು ಅಪಾಯ. ಅಪ್ಪ ಅಮ್ಮ ಇಬ್ಬರಿಗೂ ಚೆನ್ನಾಗಿಯೇ ಕೇಳುತ್ತಿರುತ್ತದೆ.

ಮದ್ದೂರು ಗೌಡ: ‘ಅಡಗಿದ್ದರೆ’. ನೀವೇ ‘ದ್ದರೆ’ ಅಂತೀರಿ. ಹೊರಗಿಂದ ಹೆಣ್ಣು ತಂದವರ ಮನೆಯಲ್ಲಿ ಕಿವುಡು ಮಕ್ಕಳು ಹುಟ್ಟೇ ಇಲ್ವಾ?

ಸನ್ನೆ ಅಮ್ಮ: ಮದುವೆ ಜಗಳ ಬಿಡ್ರಪ್ಪಾ. ನನ್ನ ಮಗಳಿಗೆ ಏಡ್ ಹಾಕಿದೆವು, ಕಿವಿಯೊಳಗೆ ಕೂರುವ ಅದರ ಅಚ್ಚನ್ನು ತಿಂಗಳಿಗೊಮ್ಮೆ ಬದಲಿಸಬೇಕಿತ್ತು, ಕಿವಿ ಬೆಳೆದು ಸಡಿಲವಾಗಿ ಕುಂಯ್ ಅಂತ ಕೂಗುತ್ತಿತ್ತು. ಆ ತಿಂಗಳುಗಳಲ್ಲಿ ಅವಳಿಗೆ ಭಾಷೆ ಕೊಟ್ಟಿದ್ದು ಸನ್ನೆ. ಸನ್ನೆ ಕಲಿತರೆ ಮಾತು ಬರಲ್ಲ ಅಂತ ಹೆದರಿಸುವವರ ಮಾತು ಕೇಳಬೇಡಿ.

ಪಟ್ಟಣದ ಶಿವು: ನೋಡಿ, ಏಡ್ ಕೂಗುತ್ತದಂತೆ. ಇದನ್ನೇ ನಾನೂ ಹೇಳಿದ್ದು.

ಸನ್ನೆ ಅಮ್ಮ: ನೀವು ಹೇಳಿದ್ದು ತಟ್ಟೆ, ಸ್ವಾಮಿ.

ಗಂಗೋತ್ರಿ ಪಕ್ಕದ ಮನೆ: ಗೌಡರೇ, ಹೊರಗಿನ ಸಂಬಂಧದಲ್ಲೂ ಹುಟ್ಟುತ್ತವೆ, ಅದಕ್ಕೇ ಎಲ್ಲ ಮಕ್ಕಳಿಗೂ ಪರೀಕ್ಷೆ ಅನ್ನುವುದು. 1965ರಿಂದ ಮೈಸೂರಿನಲ್ಲಿ, ಈಗ ಮಾನಸಗಂಗೋತ್ರಿಯಲ್ಲಿರುವ, ವಾಕ್ ಶ್ರವಣ ಸಂಸ್ಥೆ ಇಟ್ಟುಕೊಂಡು ನಾವು ಇನ್ನೂ ತಟ್ಟೆ ಬಡಿಯುತ್ತಾ ಕೂತಿದ್ದೇವೆ.

ಮದ್ದೂರು ಗೌಡ: ‘ಹೊರಗಿನ ಸಂಬಂಧದಲ್ಲೂ’. ಒಪ್ಪಿಕೊಂಡಿರಲ್ಲ, ಸಾಕು.

ಗಂಗೋತ್ರಿ ಪಕ್ಕದ ಮನೆ: ಏನು ಒಪ್ಪಿಕೊಂಡೆ? ಪೂರ್ತಿ ಓದ್ರೀ ಮೊದಲು!

ಮಂಡ್ಯ ಹೈದ: ಅಣ್ಣನದು ಸೋದರಿಕೆ ಅಲ್ಲ, ಹೇಳಿಬಿಡುತ್ತೇನೆ.